ಕುಕಿ ಪ್ಯಾಕೇಜು 0.6.0ರಿಂದ ಯಾಕೆ ಕದಲಲಿಲ್ಲ: ಕ್ಯಾರೆಟ್ ಟಿಪ್ಪಣಿ

ನೋಡ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ತಂತ್ರಾಂಶ) ಬಳಸೋರಿಗೆ ಗೊತ್ತಿರುತ್ತೆ, ಅದರ ಪ್ಯಾಕೇಜುಗಳನ್ನು ತರಿಸಿಕೊಳ್ಳೋ ಎನ್‌ಪಿಎಂನಲ್ಲಿ 'ಕುಕಿ' ಅಂತಲೇ ಒಂದು ಪುಟ್ಟ ಪ್ಯಾಕೇಜಿದೆ. ಕುಕಿ ಅಂದರೆ ಸೈಟು ಬ್ರೌಸರಿನಲ್ಲಿ ಇಟ್ಟಿರೋ ಚಿಕ್ಕ ಮಾಹಿತಿ. ಬ್ರೌಸರ್ ಕಳಿಸಿದ ಕುಕಿ ಹೆಡರನ್ನು ಬಿಡಿಸಿ ಕೊಡೋದು, ಸರ್ವರ್ ಕಳಿಸಬೇಕಾದ ಸೆಟ್-ಕುಕಿ ಸಾಲನ್ನು ಕಟ್ಟಿ ಕೊಡೋದು, ಇಷ್ಟೇ ಅದರ ಕೆಲಸ.

2024ರ ಅಕ್ಟೋಬರ್‌ನಲ್ಲಿ ಇದರ ಭದ್ರತಾ ದೋಷವೊಂದು ಹೊರಬಂತು: ಸಿವಿಇ-2024-47764. ಕುಕಿಯ ಹೆಸರು, ಪಾತ್, ಡೊಮೈನ್‌ಗಳಲ್ಲಿ ಬರಬಾರದ ಅಕ್ಷರ ಇದ್ದರೂ ಪ್ಯಾಕೇಜು ತಕರಾರು ತೆಗೀತಿರಲಿಲ್ಲ. ಬಳಕೆದಾರ ಟೈಪ್ ಮಾಡಿದ್ದನ್ನೇ ನೀವು ಕುಕಿಯ ಹೆಸರಾಗಿ ಇಟ್ಟಿದ್ದರೆ, ಅವನು ಅದರೊಳಗೇ ಒಂದು '=' ಮತ್ತು ';' ತುರುಕಿ ಕುಕಿಯ ಮೌಲ್ಯವನ್ನೂ ತಾನೇ ಬರೆದುಬಿಡಬಹುದಿತ್ತು. 0.7.0 ಆವೃತ್ತಿಯಲ್ಲಿ ಸರಿಮಾಡಿದರು.

ನಾನು ಎಡವಿದ್ದು ಇದಾದ ಮೇಲೆ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಬೇಕು ಅಂತ ಬರೆದಿಡೋ ನನ್ನ ಪ್ಯಾಕೇಜ್ ಫೈಲಿನಲ್ಲಿ ಕುಕಿಗೆ ^0.6.0 ಅಂತಿತ್ತು. ಕ್ಯಾರೆಟ್, ಅಂದರೆ ಆ ^ ಗುರುತು, ಇದ್ದರೆ ಹೊಸದು ತಾನಾಗಿ ಬರುತ್ತೆ ಅಂತ ಎಲ್ಲೋ ಓದಿದ್ದೆ. ಅಪ್‌ಡೇಟ್ ಕೊಟ್ಟೆ, 0.6.0. ಪ್ಯಾಕೇಜುಗಳ ಇಡೀ ಫೋಲ್ಡರ್ ಅಳಿಸಿ ಮತ್ತೆ ಹಾಕಿದೆ, 0.6.0. ಹಾಕಿದ ಆವೃತ್ತಿಗಳನ್ನು ನಿಖರವಾಗಿ ಬರೆದಿಡೋ ಲಾಕ್ ಫೈಲನ್ನೂ ಅಳಿಸಿದೆ. ಅದೇ 0.6.0! ಒಂದು ಸಂಜೆ ಪೂರ್ತಿ ಹೋಯ್ತು.

ಕೊನೆಗೆ ನನ್ನ ತಲೆಗೆ ಹೊಕ್ಕಿದ್ದು ಗೂಟದ ಲೆಕ್ಕದಿಂದ. ಎಡಗಡೆಯಿಂದ ಓದ್ತಾ ಬನ್ನಿ. ಮೊದಲು ಸಿಗುವ, ಸೊನ್ನೆಯಲ್ಲದ ಅಂಕಿಯೇ ಗೂಟ. ಗೂಟ ಕದಲಲ್ಲ, ಅದರ ಬಲಕ್ಕಿರುವ ಅಂಕಿಗಳು ಮಾತ್ರ ಹಗ್ಗ ಬಿಟ್ಟಷ್ಟು ಮೇಯಬಹುದು.

^1.2.3 ಅಂದರೆ ಗೂಟ 1. ಹಾಗಾಗಿ 1.2.3ರಿಂದ ಮೇಲಕ್ಕೆ, 2.0.0 ಮುಟ್ಟೋ ತನಕ ಎಲ್ಲವೂ ಸರಿ.

^0.6.0ರಲ್ಲಿ ಮೊದಲನೆಯದು ಸೊನ್ನೆ, ದಾಟಿ ಹೋಗಿ. ಗೂಟ 6. 0.6.1 ಇದ್ದಿದ್ದರೆ ಬರ್ತಿತ್ತು, 0.7.0 ಹಗ್ಗಕ್ಕೆ ಎಟುಕಲ್ಲ.

^0.0.3ರಲ್ಲಿ ಗೂಟ 3. ಬಲಕ್ಕೆ ಏನೂ ಉಳಿದಿಲ್ಲ, ಕಟ್ಟಿಹಾಕಿದ ಹಾಗೇ.

ಯಾಕೆ ಹೀಗೆ? ಆವೃತ್ತಿಗಳಿಗೆ ಸಂಖ್ಯೆ ಕೊಡೋ ಸೆಮ್ವರ್ ನಿಯಮದಲ್ಲಿ ಮೊದಲ ಅಂಕಿ ಸೊನ್ನೆ ಇದ್ದರೆ 'ಇನ್ನೂ ಕಟ್ಟುತ್ತಿದ್ದೇವೆ, ಏನು ಬೇಕಾದರೂ ಬದಲಾದೀತು' ಅಂತ ಅರ್ಥ. ಅದಕ್ಕೇ ಎನ್‌ಪಿಎಂ ಮಧ್ಯದ ಅಂಕಿಗೂ ಹೆದರುತ್ತೆ.

ಹಾಗಾದರೆ ಭದ್ರತಾ ದೋಷದ ಈ ತಿದ್ದುಪಡಿಯನ್ನು 0.6.1 ಅಂತಲೇ ಬಿಡಬಹುದಿತ್ತಲ್ಲ? ನಾನೂ ಮೊದಲು ಗೊಣಗಿದೆ. ಆದರೆ ತಪಾಸಣೆ ಬಿಗಿಯಾದ ಮೇಲೆ ನಿನ್ನೆ ನಡೀತಿದ್ದ ಕುಕಿ ಹೆಸರು ಇವತ್ತು ಎರರ್ ಎಸೆಯಬಹುದು. ಅದನ್ನು ಯಾರಿಗೂ ಹೇಳದೆ ಹಿತ್ತಲ ಬಾಗಿಲಿಂದ ನುಗ್ಗಿಸೋದಕ್ಕಿಂತ 0.7.0 ಅನ್ನೋದೇ ನನಗೆ ಸರಿ ಕಾಣುತ್ತೆ.

ನೋಡ್‌ನಲ್ಲಿ ವೆಬ್ ಸರ್ವರ್ ಕಟ್ಟೋಕೆ ಬಳಸೋ, ಒಳಗೆ ಇದೇ ಕುಕಿ ಪ್ಯಾಕೇಜನ್ನು ಇಟ್ಟುಕೊಂಡಿರೋ ಎಕ್ಸ್‌ಪ್ರೆಸ್ ಅಂತೂ ಕ್ಯಾರೆಟ್ಟೇ ಇಲ್ಲದೆ 0.6.0 ಅಂತ ಬರೆದುಕೊಂಡಿತ್ತು, 4.21.1ರಲ್ಲಿ 0.7.1ಕ್ಕೆ ಬಂತು. ನೀವು ನಿಮ್ಮ ಸಾಲನ್ನು ತಿದ್ದಿದರೂ ಹಳೆ ಎಕ್ಸ್‌ಪ್ರೆಸ್ ಒಳಗೆ ಹಳೆ ಕುಕಿ ಕೂತಿರಬಹುದು. 'ಎನ್‌ಪಿಎಂ ಎಲ್‌ಎಸ್ ಕುಕಿ' ಕೊಟ್ಟರೆ ಎರಡೂ ಕಾಣುತ್ತವೆ.

ಲೈಬ್ರರಿ ಬರೆಯೋರಿಗೆ: ನಿಮ್ಮ ಪ್ಯಾಕೇಜ್-ಲಾಕ್ ಫೈಲು ಪ್ಯಾಕೇಜಿನ ಜೊತೆ ಪ್ರಕಟವಾಗಲ್ಲ. ಬಳಸೋರಿಗೆ ತಲುಪೋದು ನೀವು ಬರೆದ ಆವೃತ್ತಿ ಶ್ರೇಣಿ (^0.6.0 ಥರದ್ದು) ಮಾತ್ರ.

ಇನ್ನೊಂದು, ಮರೆಯೋ ಮುಂಚೆ. ಕುಕಿ ಎಷ್ಟು ಹೊತ್ತು ಬಾಳಬೇಕು ಅಂತ ಹೇಳೋ ಮ್ಯಾಕ್ಸ್-ಏಜ್ ಅನ್ನೋದು ಕುಕಿ ಪ್ಯಾಕೇಜಿನಲ್ಲಿ ಸೆಕೆಂಡು, ಎಕ್ಸ್‌ಪ್ರೆಸ್‌ನಲ್ಲಿ ಮಿಲಿಸೆಕೆಂಡು. ಒಂದು ಗಂಟೆ ಅಂದುಕೊಂಡು ಎಕ್ಸ್‌ಪ್ರೆಸ್‌ಗೆ 3600 ಕೊಟ್ಟೆ. ಲಾಗಿನ್ ಆದ ಕೂಡಲೇ ಹೊರಗೆ ದಬ್ಬುತ್ತಿತ್ತು. ಹೆಡರ್ ತೆಗೆದು ನೋಡಿದರೆ ಮ್ಯಾಕ್ಸ್-ಏಜ್ 3.