ಬಂಡೆಯ ಮೇಲಿನ ಓತಿಗೆ ಎರಡು ನುಡಿ

ಮುಂಗಾರಿನ ಹೊತ್ತಿಗೆ ಆನೆಗೊಂದಿ, ಗಂಗಾವತಿ ಕಡೆಯ ಬಂಡೆಗಳ ನೆತ್ತಿಯ ಮೇಲೆ ಕೆಂಪು ಬೆನ್ನಿನ ಓತಿಕ್ಯಾತ ತಲೆ ಎತ್ತಿ ಕೂತಿರುತ್ತದೆ. ಕಂಡವರು ಗೋಸುಂಬೆ ಎನ್ನುತ್ತಾರೆ, ಹುಡುಗರು ಕಲ್ಲು ಎಸೆಯುತ್ತಾರೆ. ಅದು ಗೋಸುಂಬೆಯಲ್ಲ. ಅದಕ್ಕೆ ವಿಷವಿಲ್ಲ, ರಕ್ತ ಹೀರುವುದೂ ಇಲ್ಲ. ಇರುವೆ, ಹುಳಹುಪ್ಪಟೆ ತಿಂದು ಬದುಕುವ ಬಂಡೆ ಓತಿ ಅದು. ವಿಜ್ಞಾನದಲ್ಲಿ ಸ್ಯಾಮೋಫಿಲಸ್ ಡಾರ್ಸಾಲಿಸ್. ಇದಕ್ಕಿಂತ ಆಳಕ್ಕೆ ಬೇರೂರಿದ ತಪ್ಪು ತಿಳಿವಳಿಕೆ ಇನ್ನೊಂದಿದೆ: ಅದು ಬಣ್ಣ ಬದಲಿಸುವುದು ಅಡಗಿಕೊಳ್ಳಲಿಕ್ಕೆ ಎಂಬುದು. ಬೂದು ಬಂಡೆಯ ತುದಿಯಲ್ಲಿ ಕುಂಕುಮದಂಥ ಬೆನ್ನು ಹೊತ್ತು ಕೂತರೆ ಯಾರ ಕಣ್ಣು ತಪ್ಪಿಸಿದಂತಾಯಿತು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಈ ಓತಿಗಳ ಬೆನ್ನು ಹತ್ತಿದವರು. ಅದಕ್ಕೂ ಮೊದಲು ಅವರು ಅಮೆರಿಕದ ಮರಹಲ್ಲಿಗಳಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನನ್ನು ಅಭ್ಯಸಿಸಿದ್ದರು. ಅಪಾಯ ಎದುರಾದಾಗ ಈ ಹಾರ್ಮೋನು ಏರಿದ ಹಲ್ಲಿಗಳು ಬೇಗ ಅಡಗಲು ಕಲಿತವು, ಅದು ಏರದಂತೆ ತಡೆಯಲಾದ ಹಲ್ಲಿಗಳು ಹಿಂದೆ ಬಿದ್ದವು ಎಂದು 2010ರಲ್ಲಿ ತೋರಿಸಿದರು. ಹೆದರಿಕೆಯೂ ಪಾಠ ಕಲಿಸುತ್ತದೆ ಎಂದಾಯಿತು.

2017ರಲ್ಲಿ ಅದೇ ಸಂಸ್ಥೆಯ ಸಂಶೋಧಕಿ ಅನುರಾಧಾ ಬಟಬ್ಯಾಲ್ ಜೊತೆ ಠಾಕರ್ ಪ್ರಕಟಿಸಿದ ಕೆಲಸ ಈ ಓತಿಯ ಬಣ್ಣದ್ದು. ಹೆಣ್ಣು ಎದುರಿದ್ದಾಗ ಗಂಡಿನ ಬೆನ್ನು ಕೆಂಪು, ಪಕ್ಕೆ ಕಪ್ಪು. ಎದುರಿಗೆ ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಒಂದೇ ಮೈ, ಎರಡು ನುಡಿ. ಎದುರಾಳಿಗೆ ತೋರುವ ಬಣ್ಣ ಬೇಗ ಮೂಡುತ್ತದೆ. ಹೆಣ್ಣಿಗೆ ತೋರುವುದು ನಿಧಾನವಾದರೂ ಹೆಚ್ಚು ಎದ್ದು ಕಾಣುತ್ತದೆ. ಕಾಲುವೆ ನೀರಿನ ಜಗಳದಲ್ಲಿ ಮೊದಲು ಎದ್ದ ದನಿಗೆ ಬೆಲೆ. ಕನ್ಯೆ ನೋಡಲು ಹೋಗುವವನಿಗೆ ಇಸ್ತ್ರಿ ಮಾಡಿದ ಅಂಗಿ ಬೇಕು.

ಚರ್ಮ ಇದನ್ನು ಹೇಗೆ ಮಾಡುತ್ತದೆ? ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ನೆನಪಿಸಿಕೊಳ್ಳಿ: ಬಣ್ಣ ಹಚ್ಚಿದ ತೊಗಲು, ಹಿಂದೆ ದೀಪ. ಓತಿಯ ತೊಗಲಲ್ಲೂ ಮೇಲೆ ಹಳದಿ-ಕೆಂಪು ಬಣ್ಣದ ಕೋಶಗಳಿವೆ. ಅವುಗಳ ಕೆಳಗೆ ದೀಪದ ಬದಲು ಕನ್ನಡಿ: ಗ್ವಾನಿನ್ ಎಂಬ ವಸ್ತುವಿನ ಹರಳುಗಳು ತುಂಬಿದ ಕೋಶಗಳು ಹೊರಗಿನ ಬೆಳಕನ್ನೇ ತಿರುಗಿಸಿ ಕಳಿಸುತ್ತವೆ. ತಳದಲ್ಲಿ ಕಪ್ಪು ಕೋಶಗಳು. ಬೇರಿನಂತೆ ಕವಲೊಡೆದ ಅವುಗಳ ತೋಳುಗಳು ಮೇಲಿನ ಪದರದವರೆಗೂ ಚಾಚಿರುತ್ತವೆ. ಮೆಲನಿನ್ ಎಂಬ ಕಪ್ಪು ಬಣ್ಣದ ಕಣಗಳು ಆ ತೋಳುಗಳಿಗೆ ಹರಡಿದರೆ ಕನ್ನಡಿಗೆ ಪರದೆ ಬಿದ್ದಂತೆ, ಮೈ ಕಪ್ಪಾಗುತ್ತದೆ. ಕಣಗಳು ಮತ್ತೆ ನಡುವಿಗೆ ಸೇರಿಕೊಂಡರೆ ಪರದೆ ಸರಿದಂತೆ, ಮೈ ತಿಳಿಯಾಗುತ್ತದೆ. ಬಣ್ಣ ಹೊಸದಾಗಿ ಹುಟ್ಟಬೇಕಿಲ್ಲ, ಇದ್ದಲ್ಲೇ ಸರಿದಾಡಿದರೆ ಸಾಕು. ಹಾಗಾಗಿಯೇ ಇಷ್ಟು ವೇಗ.

ಇದನ್ನು ಅಳೆಯುವುದು ಸುಲಭವಲ್ಲ. ಉದ್ದನೆಯ ಕೋಲಿನ ತುದಿಗೆ ತೆಳು ದಾರದ ಕುಣಿಕೆ ಕಟ್ಟಿ ಓತಿಯನ್ನು ಹಿಡಿಯುತ್ತಾರೆ. ಮನುಷ್ಯನಿಗೆ ಹೆದರಿ ಓಡುವಷ್ಟು ಅದು ಕೋಲಿಗೆ ಹೆದರಿ ಓಡುವುದಿಲ್ಲ. ಆದರೆ ಕೈಗೆ ಸಿಕ್ಕ ಓತಿಯ ಬಣ್ಣ ಹೆದರಿಕೆಯ ಬಣ್ಣ. ಆದ್ದರಿಂದ ಮುಟ್ಟುವ ಮೊದಲೇ ಚಿತ್ರ ತೆಗೆಯಬೇಕು, ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇರಬೇಕು. ಅದಿಲ್ಲದಿದ್ದರೆ ಬೆಳಗಿನ ಬಿಸಿಲಿಗೂ ಮೋಡದ ಬೆಳಕಿಗೂ ಒಂದೇ ಕೆಂಪು ಬೇರೆಬೇರೆಯಾಗಿ ಕಾಣುತ್ತದೆ. ಸಹಜ ಸ್ಥಿತಿಯ ಹಾರ್ಮೋನು ತಿಳಿಯಬೇಕಾದರೆ ಹಿಡಿದ 3 ನಿಮಿಷದೊಳಗೆ ರಕ್ತ ತೆಗೆಯಬೇಕು. ತಡವಾದರೆ ಸಿಗುವ ಅಂಕಿ ಹಿಡಿದ ಗಾಬರಿಯದ್ದು. ಮೈಶಾಖವನ್ನೂ ಬರೆದಿಡಬೇಕು, ಏಕೆಂದರೆ ತಂಪು ಹೊತ್ತಿನಲ್ಲಿ ಬಿಸಿಲು ಹೀರಲು ಮೈ ಕಪ್ಪಾಗಿದ್ದರೆ ಅದು ಯಾರಿಗೂ ಹೇಳಿದ ಮಾತಲ್ಲ.

ನೋಡುವವರಿಗೆ ಇಷ್ಟೆಲ್ಲ ಬೇಡ. ಬಂಡೆ ಕಾಯುವ ಮೊದಲು, ಬೆಳಗ್ಗೆ 8ರಿಂದ 10ರ ನಡುವೆ, ಹತ್ತಾರು ಮೀಟರ್ ದೂರದಲ್ಲಿ ಅಲುಗಾಡದೆ ಕೂರಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಕೆಂಪು ಬೆನ್ನಿನ ಗಂಡು ಕಂಡರೆ ಸುತ್ತಲಿನ ಬಿರುಕುಗಳಲ್ಲಿ ಕಂದು ಚುಕ್ಕೆಯ ಪುಟ್ಟ ಹೆಣ್ಣನ್ನು ಹುಡುಕಿ. ಪಕ್ಕದ ಬಂಡೆಗೆ ಇನ್ನೊಂದು ಗಂಡು ಬಂದರೆ ಬೆನ್ನನ್ನು ಬಿಟ್ಟು ಪಕ್ಕೆಯನ್ನೇ ನೋಡುತ್ತಿರಿ: ಕಪ್ಪು ಕರಗಿ ಕಿತ್ತಳೆ ಮೂಡುತ್ತದೆ.