ನಮ್ಮ ದರ ಎಲ್‌1ಗಿಂತ (ಟೆಂಡರ್‌ನಲ್ಲಿ ಬಂದ ಅತಿ ಕಡಿಮೆ ದರಕ್ಕಿಂತ) ಹೆಚ್ಚು. ‘ಮೇಕ್ ಇನ್ ಇಂಡಿಯಾ’ ಆದ್ಯತೆಯಲ್ಲಿ ಆರ್ಡರ್ ಸಿಗುತ್ತಾ?

ಪ್ರಶ್ನೆ: ನಮ್ಮದು ಮೋಟಾರ್ ಕಂಟ್ರೋಲ್ ಪ್ಯಾನೆಲ್ ತಯಾರಿಸುವ ಸಣ್ಣ ಘಟಕ. ಕೇಂದ್ರ ಸರ್ಕಾರದ ಉದ್ದಿಮೆಯೊಂದರ ಟೆಂಡರ್‌ಗೆ ಬಿಡ್ ಹಾಕಬೇಕೆಂದಿದ್ದೇವೆ. ಹೊರದೇಶದ ಮಾಲು ತರಿಸಿ ಮಾರುವವರ ದರಕ್ಕೆ ನಮ್ಮಿಂದ ಇಳಿಯಲು ಆಗುವುದಿಲ್ಲ. ಇಲ್ಲೇ ತಯಾರಿಸುವವರಿಗೆ 20 ಪರ್ಸೆಂಟ್ ಆದ್ಯತೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ದರ ಅಷ್ಟು ಹೆಚ್ಚಿದ್ದರೂ ಸರ್ಕಾರ ಅದೇ ದರಕ್ಕೆ ಕೊಳ್ಳುತ್ತಾ?

ಉತ್ತರ: ಕೊಳ್ಳುವುದಿಲ್ಲ. ಆ 20 ಪರ್ಸೆಂಟ್ ನಿಮಗೆ ಸಿಗುವ ಹೆಚ್ಚುವರಿ ದುಡ್ಡಲ್ಲ. ದರದಲ್ಲಿ ಹಿಂದೆ ಬಿದ್ದ ಮೇಲೂ ಇನ್ನೊಮ್ಮೆ ಕರೆಸಿಕೊಳ್ಳುವ ಹಕ್ಕು, ಅಷ್ಟೇ. ಕರೆದಾಗ ನೀವು ಎಲ್‌1 ದರಕ್ಕೆ ಒಪ್ಪಬೇಕು. ಈ ಒಂದು ವಿಷಯ ತಿಳಿಯದೆ ಬಿಡ್ ಹಾಕಿ, ಆಮೇಲೆ ಮಾರ್ಜಿನ್ ಇಲ್ಲದ ಆರ್ಡರ್ ಹಿಡಿದು ಒದ್ದಾಡುವವರು ಬಹಳ.

ನಿಯಮ ಇರುವುದು ‘ಸಾರ್ವಜನಿಕ ಖರೀದಿ (ಮೇಕ್ ಇನ್ ಇಂಡಿಯಾಗೆ ಆದ್ಯತೆ) ಆದೇಶ, 2017’ರಲ್ಲಿ. 2017ರ ಜೂನ್ 15ರಂದು ಹೊರಟ ಈ ಆದೇಶ 2020ರಲ್ಲಿ ದೊಡ್ಡದಾಗಿ ಬದಲಾಯಿತು, 2024ರ ಜುಲೈನಲ್ಲಿ ಮತ್ತೆ ಬಿಗಿಯಾಯಿತು. ಹಳೆಯ ಪ್ರತಿ ಇಟ್ಟುಕೊಂಡು ಸಲಹೆ ಕೊಡುವವರು ಈಗಲೂ ಇದ್ದಾರೆ, ಎಚ್ಚರ.

ಆದೇಶ ಬಿಡ್‌ದಾರರನ್ನು ಮೂರು ಗುಂಪು ಮಾಡುತ್ತದೆ. ಮಾಲಿನ ಮೌಲ್ಯದಲ್ಲಿ ಶೇ 50 ಅಥವಾ ಅದಕ್ಕಿಂತ ಹೆಚ್ಚು ಪಾಲು ದೇಶದೊಳಗಿನದ್ದಾಗಿದ್ದರೆ ನೀವು ಕ್ಲಾಸ್-1 ಸ್ಥಳೀಯ ಪೂರೈಕೆದಾರ. ಶೇ 20ರಿಂದ 50ರೊಳಗಿದ್ದರೆ ಕ್ಲಾಸ್-2. ಶೇ 20ಕ್ಕಿಂತ ಕಡಿಮೆಯಾದರೆ ಸ್ಥಳೀಯರೇ ಅಲ್ಲ. ಈ ಮೂರನೆಯವರು ಜಾಗತಿಕ ಟೆಂಡರ್‌ಗೆ ಮಾತ್ರ ಬರಬಹುದು. 200 ಕೋಟಿ ರೂಪಾಯಿವರೆಗಿನ ಖರೀದಿಗೆ ವಿಶೇಷ ಅನುಮತಿ ಇಲ್ಲದೆ ಜಾಗತಿಕ ಟೆಂಡರ್ ಕರೆಯುವಂತಿಲ್ಲ. ಅಂದರೆ ನೀವು ಹೆದರುತ್ತಿರುವ ‘ಬರೀ ತರಿಸಿ ಮಾರುವವನು’ ದರದ ಲಕೋಟೆ ತೆರೆಯುವ ಮೊದಲೇ ಹೊರಗೆ. ನಿಮ್ಮ ನಿಜವಾದ ಎದುರಾಳಿ ಕ್ಲಾಸ್-2ನವನು: ಬಿಡಿಭಾಗ ತರಿಸಿ ಇಲ್ಲಿ ಜೋಡಿಸುವವನು.

ಅವನ ಜೊತೆಗಿನ ಲೆಕ್ಕ ಹೀಗೆ ನಡೆಯುತ್ತದೆ. 1,000 ಪ್ಯಾನೆಲ್‌ಗೆ ಟೆಂಡರ್ ಇದೆ ಎನ್ನೋಣ. ಕ್ಲಾಸ್-2ನವನು ಒಂದಕ್ಕೆ 10,000 ರೂಪಾಯಿ ಕೋಟ್ ಮಾಡಿ ಎಲ್‌1 ಆದ. ನಿಮ್ಮದು 11,500. ಎಲ್‌1 ಮೇಲೆ ಶೇ 20 ಎಂದರೆ 12,000ದವರೆಗೆ ಅವಕಾಶ, ನೀವು ಅದರೊಳಗಿದ್ದೀರಿ. ಪ್ಯಾನೆಲ್‌ಗಳನ್ನು ಇಬ್ಬರಿಗೆ ಹಂಚಬಹುದಾದ್ದರಿಂದ 500 ಅವನಿಗೆ ಹೋಗುತ್ತದೆ. ಉಳಿದ 500ಕ್ಕೆ ಕ್ಲಾಸ್-1ನವರಲ್ಲಿ ಅತಿ ಕಡಿಮೆ ದರದವರನ್ನು ಕರೆಯುತ್ತಾರೆ. ಅದು ನೀವೇ ಆಗಿದ್ದರೆ ಕೇಳುವ ಪ್ರಶ್ನೆ ಒಂದೇ: 10,000ಕ್ಕೆ ಕೊಡುತ್ತೀರಾ? ಹೂಂ ಎಂದರೆ 500 ನಿಮ್ಮದು. ಆಗುವುದಿಲ್ಲ ಎಂದರೆ ಆ ಶೇ 20ರ ಅಂತರದೊಳಗಿರುವ ಮುಂದಿನ ಕ್ಲಾಸ್-1ನವರಿಗೆ ಅದೇ ಪ್ರಶ್ನೆ. ಯಾರೂ ಒಪ್ಪದಿದ್ದರೆ ಅದೂ ಎಲ್‌1ಗೆ. ಹಂಚಲಾಗದ ಒಂದೇ ಯಂತ್ರದಂಥ ಮಾಲಾದರೆ, ಒಪ್ಪಿದ ಕ್ಲಾಸ್-1ನವರಿಗೆ ಪೂರ್ತಿ ಆರ್ಡರ್. ಎಲ್‌1 ಆದವನೇ ಕ್ಲಾಸ್-1 ಆಗಿದ್ದರೆ ಈ ಆಟವೇ ಇಲ್ಲ, ಎಲ್ಲವೂ ಅವನಿಗೆ.

11,500ರ ಮಾಲನ್ನು 10,000ಕ್ಕೆ ಕೊಟ್ಟು ಉಳಿಯುವುದೇನು? ಇದನ್ನು ಬಿಡ್ ಹಾಕುವ ಮುಂಚೆಯೇ ಕೂತು ಲೆಕ್ಕ ಹಾಕಿ. ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿನ 1933ರ ಬೈ ಅಮೆರಿಕನ್ ಕಾಯ್ದೆಯಡಿ ನಾಗರಿಕ ಇಲಾಖೆಗಳು ಹೋಲಿಸುವಾಗ ವಿದೇಶಿ ಬಿಡ್‌ನ ದರಕ್ಕೆ ಶೇ 20 ಸೇರಿಸುತ್ತವೆ, ದೇಶಿ ಬಿಡ್‌ದಾರ ಸಣ್ಣ ಉದ್ಯಮವಾಗಿದ್ದರೆ ಶೇ 30. ಹಾಗೆ ಗೆದ್ದವನಿಗೆ ತಾನು ಕೋಟ್ ಮಾಡಿದ ದರವೇ ಸಿಗುತ್ತದೆ. ಹೆಚ್ಚುವರಿ ಖರ್ಚು ಖಜಾನೆಯದ್ದು. ನಮ್ಮ ನಿಯಮ ಖಜಾನೆಯನ್ನು ಕಾಪಾಡಿ, ಭಾರವನ್ನು ತಯಾರಕನ ಮೇಲೆ ಇಟ್ಟಿದೆ. ಇದು ಸರಿಯೋ ತಪ್ಪೋ ಎಂದು ವಾದ ಮಾಡಬಹುದು. ತೆರಿಗೆ ಹಣ ಉಳಿಯಿತು, ನಿಜ. ಆದರೆ ಹೊಸ ಮಷಿನ್‌ಗೆ ಸಾಲ ಮಾಡಿ ಕೂತಿರುವ ಘಟಕಕ್ಕೆ ಆರ್ಡರ್ ಜೊತೆ ಒಂದಿಷ್ಟು ಲಾಭವೂ ಬೇಕಲ್ಲ.

ಇನ್ನು ನೀವು ಕ್ಲಾಸ್-1 ಹೌದೋ ಅಲ್ಲವೋ ನೋಡೋಣ. ಜಿಎಸ್‌ಟಿ ಬಿಟ್ಟು ಮಾರಾಟ ಬೆಲೆ 11,500. ಒಳಗಿರುವ ಆಮದು ಸಾಮಾನು, ಅದರ ಕಸ್ಟಮ್ಸ್ ಸುಂಕವೂ ಸೇರಿ 4,000 ಎಂದಿಟ್ಟುಕೊಳ್ಳಿ. ಉಳಿದ 7,500 ಸ್ಥಳೀಯ, ಅಂದರೆ ಸುಮಾರು ಶೇ 65. ಆರಾಮ. ಆಮದು 6,500ಕ್ಕೆ ಏರಿದರೆ ಶೇ 43ರ ಆಸುಪಾಸು, ನೀವೂ ಕ್ಲಾಸ್-2.

ಎಡವುವುದು ಇಲ್ಲೇ. ಸರ್ಕ್ಯೂಟ್‌ನ ಐಸಿ, ಡಿಸ್ಪ್ಲೇ, ರಿಲೇಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೊಂಡಿರುತ್ತೀರಿ, ಜಿಎಸ್‌ಟಿ ಬಿಲ್ ಇರುತ್ತದೆ, ನೀವಂತೂ ಏನೂ ಆಮದು ಮಾಡಿಲ್ಲ. ಆದರೂ ಆ ಸಾಮಾನು ಹೊರದೇಶದ್ದಾಗಿದ್ದರೆ ಅದು ಆಮದೇ. ಡೀಲರ್ ಮೂಲಕ ದೇಶದೊಳಗೆ ಕೊಂಡ ಆಮದು ಮಾಲನ್ನು ಸ್ಥಳೀಯ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 2024ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಹೊರಗೆ ಕಟ್ಟುವ ರಾಯಲ್ಟಿ, ಲೈಸೆನ್ಸ್ ಶುಲ್ಕಕ್ಕೂ ಅದೇ ಗತಿ. ಡಬ್ಬಿ ಬದಲಿಸಿ ತಮ್ಮ ಸ್ಟಿಕರ್ ಅಂಟಿಸುವವರ ಆಟಕ್ಕೂ ಇದೇ ಕಡಿವಾಣ. ಹಾಗಾಗಿ ಪ್ರತಿ ಬಿಡಿಭಾಗದ ಮೂಲ ದೇಶ ಬರೆದಿಟ್ಟ ಪಟ್ಟಿಯೊಂದನ್ನು ಈಗಲೇ ಮಾಡಿಸಿ. ಡೀಲರ್‌ಗೆ ಕೇಳಿದರೆ ಹೇಳುತ್ತಾರೆ, ಸ್ವಲ್ಪ ಬೆನ್ನು ಹತ್ತಬೇಕಾಗುತ್ತದೆ.

10 ಕೋಟಿವರೆಗಿನ ಖರೀದಿಗೆ ಸ್ವಯಂ ದೃಢೀಕರಣ ಸಾಕು. ಅದಕ್ಕೂ ಮೇಲಾದರೆ ಕಂಪನಿಯ ಶಾಸನಬದ್ಧ ಲೆಕ್ಕ ಪರಿಶೋಧಕರ ಅಥವಾ ಕಾಸ್ಟ್ ಆಡಿಟರ್‌ರ ಪ್ರಮಾಣಪತ್ರ. ಕಂಪನಿಯಲ್ಲದವರಿಗೆ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಕೊಟ್ಟದ್ದು ನಡೆಯುತ್ತದೆ. ಸುಳ್ಳು ಬರೆದುಕೊಟ್ಟರೆ ಎರಡು ವರ್ಷದವರೆಗೆ ಡಿಬಾರ್ ಮಾಡಬಹುದು, ಅಂದರೆ ಟೆಂಡರ್‌ಗಳಿಂದ ಹೊರಗಿಡಬಹುದು. 5 ಲಕ್ಷಕ್ಕಿಂತ ಕಡಿಮೆ ಮೊತ್ತದ ಖರೀದಿಗೆ ಈ ಆದೇಶ ಅನ್ವಯವೇ ಆಗದು.

ದರಕ್ಕಿಂತ ಮೊದಲೇ ಆಟ ಮುಗಿಸುವ ಕಲಮುಗಳೂ ಇವೆ. ಟೆಕ್ನಿಕಲ್ ಬಿಡ್‌ನಲ್ಲಿ ವಿದೇಶಿ ಸಂಸ್ಥೆಯ ಸರ್ಟಿಫಿಕೇಟೇ ಬೇಕು, ಇಂಥ ಬ್ರ್ಯಾಂಡೇ ಬೇಕು, ಇಷ್ಟು ಕೋಟಿ ವಹಿವಾಟು ಇರಲೇಬೇಕು ಎಂದು ಬರೆದರೆ ಆದ್ಯತೆ ಇದ್ದೂ ಇಲ್ಲದ ಹಾಗೆ. ಸ್ಥಳೀಯರನ್ನು ವಿನಾಕಾರಣ ಹೊರಗಿಡುವ ಇಂಥ ಷರತ್ತು ಹಾಕಬಾರದೆಂದು ಆದೇಶದಲ್ಲೇ ಇದೆ. ನನ್ನ ಅಭಿಪ್ರಾಯದಲ್ಲಿ 20 ಪರ್ಸೆಂಟ್‌ಗಿಂತ ಈ ಸಾಲು ನಿಮಗೆ ಹೆಚ್ಚು ಬೆಲೆಯುಳ್ಳದ್ದು. ಆಕ್ಷೇಪವನ್ನು ಬಿಡ್ ಹಾಕುವ ಮುಂಚೆ ಕರೆಯುವ ಪ್ರೀ-ಬಿಡ್ ಸಭೆಯಲ್ಲಿ ಲಿಖಿತವಾಗಿ ಎತ್ತಿ. ಬಿಡ್ ತೆರೆದ ಮೇಲೆ ಎತ್ತಿದರೆ ಸೋತವನ ಗೊಣಗಾಟ ಎಂದೇ ನೋಡುತ್ತಾರೆ.

ಇಷ್ಟೆಲ್ಲ ನಿಯಮದಿಂದ ನಿಜವಾಗಿ ಕಾರ್ಖಾನೆ ಬೆಳೆಯುತ್ತದೆಯೇ ಎಂಬ ಅನುಮಾನಕ್ಕೆ ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗ ನೋಡಿ. ಮೆಟ್ರೊ ಬೋಗಿಗಳಿಗೆ ನಿಯಮ ಇನ್ನೂ ಗಟ್ಟಿ: ಟೆಂಡರ್ ಕರೆದಷ್ಟರಲ್ಲಿ ಕನಿಷ್ಠ ಶೇ 75 ಬೋಗಿಗಳು ಇಲ್ಲೇ ತಯಾರಾಗಬೇಕು. ಚೀನಾದ ಸಿಆರ್‌ಆರ್‌ಸಿ ಕಂಪನಿಗೆ 216 ಬೋಗಿಗಳ ಗುತ್ತಿಗೆ ಸಿಕ್ಕಿದ್ದು ಕೋವಿಡ್‌ಗೆ ಸ್ವಲ್ಪ ಮುಂಚೆ. ಆಂಧ್ರದ ಶ್ರೀಸಿಟಿಯಲ್ಲಿ ಕಾರ್ಖಾನೆ ಹಾಕುವ ಯೋಜನೆ ಕೈಗೂಡಲಿಲ್ಲ. ಅಷ್ಟರಲ್ಲಿ ಕೋವಿಡ್, ಗಡಿ ಸಂಘರ್ಷ, 2020ರ ಜುಲೈನಲ್ಲಿ ನೆರೆರಾಷ್ಟ್ರಗಳ ಬಿಡ್‌ದಾರರ ಮೇಲೆ ನಿರ್ಬಂಧ, ಎಂಜಿನಿಯರ್‌ಗಳಿಗೆ ವೀಸಾ ತೊಡಕು. ಕೊನೆಗೆ ಪಶ್ಚಿಮ ಬಂಗಾಳದ ಟಿಟಾಗಢ ಕಂಪನಿಯನ್ನು ಜೊತೆಗೆ ಸೇರಿಸಿಕೊಂಡರು. ಚೀನಾದಿಂದ ಮಾದರಿ ರೈಲು ಬಂದದ್ದು 2024ರ ಫೆಬ್ರುವರಿಯಲ್ಲಿ, ಟಿಟಾಗಢದ ಮೊದಲ ರೈಲು ಹೊರಟದ್ದು 2025ರ ಜನವರಿಯಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿ.ಮೀ. ಹಳಿ ಸಿದ್ಧವಿದ್ದರೂ ರೈಲಿಲ್ಲದೆ ಕಾಯಿತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗಲೂ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಟ್ರಾಫಿಕ್‌ನಲ್ಲಿ ಕಳೆದ ಸಮಯವನ್ನು ಯಾವ ಟೆಂಡರ್ ಕಡತದಲ್ಲೂ ಬರೆಯುವುದಿಲ್ಲ.

ಆದರೆ ಇನ್ನೊಂದು ಮುಖವೂ ಇದೆ. ಚಾಲಕರಹಿತ ತಂತ್ರದ ಬೋಗಿಗಳು ಬಂಗಾಳದ ಕಾರ್ಖಾನೆಯಲ್ಲಿ ತಯಾರಾಗುವ ಹಾಗಾದದ್ದು ಆ ಶೇ 75ರ ಷರತ್ತಿನಿಂದ. ನಮ್ಮದೇ ಬೆಮೆಲ್‌ಗೆ 2023ರಲ್ಲಿ ಇದೇ ನಮ್ಮ ಮೆಟ್ರೊದಿಂದ 318 ಬೋಗಿಗಳಿಗೆ 3,177 ಕೋಟಿ ರೂಪಾಯಿಯ ಆರ್ಡರ್ ಬಂತು. ಇಲ್ಲಿ ತಯಾರಿಸಬಲ್ಲವರು ಮೊದಲೇ ಇದ್ದಲ್ಲಿ ಷರತ್ತು ಬೇಗ ಫಲ ಕೊಡುತ್ತದೆ. ಇಲ್ಲದ ಕಡೆ ಷರತ್ತು ಹಾಕಿ ಗಡುವನ್ನೂ ಹಾಕಿದರೆ ಒಂದು ಮುರಿಯುತ್ತದೆ.

ವಿಶ್ವ ವ್ಯಾಪಾರ ಸಂಸ್ಥೆ ಇದಕ್ಕೆಲ್ಲ ಒಪ್ಪುತ್ತದೆಯೇ ಎಂದೂ ಕೆಲವರು ಕೇಳುತ್ತಾರೆ. ಸರ್ಕಾರ ತನ್ನ ಬಳಕೆಗೆ ಕೊಳ್ಳುವುದಕ್ಕೆ ವಿನಾಯಿತಿ ಇದೆ, ಆ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಅಲ್ಲಿ ಸೌರ ವಿದ್ಯುತ್ ಪ್ರಕರಣದಲ್ಲಿ 2016ರಲ್ಲಿ ನಾವು ಸೋತದ್ದು ಬೇರೆ ಕಾರಣಕ್ಕೆ: ಷರತ್ತು ಹಾಕಿದ್ದು ಸೋಲಾರ್ ಸೆಲ್ ಮತ್ತು ಪ್ಯಾನೆಲ್ ಮೇಲೆ, ಸರ್ಕಾರ ಕೊಂಡದ್ದು ವಿದ್ಯುತ್. ಈಚೆಗೆ ಮಾತ್ರ ಬಾಗಿಲು ಸ್ವಲ್ಪ ತೆರೆದಿದೆ. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಲ್ಲಿ, ಶೇ 20ರಷ್ಟಾದರೂ ಬ್ರಿಟನ್‌ನ ಪಾಲಿರುವ ಮಾಲಿನ ಪೂರೈಕೆದಾರರನ್ನು ಕ್ಲಾಸ್-2 ಎಂದು ಪರಿಗಣಿಸಲು ಭಾರತ ಒಪ್ಪಿದೆ.

ನಿಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ ನೋಂದಣಿ) ಇದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ವಾರ್ಷಿಕ ಖರೀದಿಯಲ್ಲಿ ಶೇ 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ಅದರಲ್ಲಿ ಶೇ 4 ಪರಿಶಿಷ್ಟರ, ಶೇ 3 ಮಹಿಳೆಯರ ಉದ್ಯಮಗಳಿಗೆ. ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಬೇಕಿಲ್ಲ. ಸಣ್ಣ ಉದ್ಯಮಗಳ ಈ ಆದ್ಯತೆಯಲ್ಲಿ ಅಂತರ ಶೇ 15, ಇಲ್ಲೂ ಎಲ್‌1 ದರಕ್ಕೇ ಇಳಿಯಬೇಕು. ಬಿಲ್ ಹಣ 45 ದಿನದೊಳಗೆ ಬರದಿದ್ದರೆ ಎಂಎಸ್‌ಎಂಇ ಕಾಯ್ದೆಯಡಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ, ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಮುಂದಿನ ಟೆಂಡರ್ ಕೈತಪ್ಪೀತೆಂದು ಹೆಚ್ಚಿನವರು ಕೇಳುವುದಿಲ್ಲ, ಅದೂ ಅರ್ಥವಾಗುವಂಥದ್ದೇ.

ಕೊನೆಗೆ, ರಾಜ್ಯ ಸರ್ಕಾರದ ಟೆಂಡರ್‌ಗೆ ಇದೇ ನಿಯಮ ಎಂದುಕೊಳ್ಳಬೇಡಿ. ಕರ್ನಾಟಕದ ಇಲಾಖೆಗಳು ಕೊಳ್ಳುವುದು 1999ರ ಕೆಟಿಪಿಪಿ (ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ) ಕಾಯ್ದೆಯಡಿ. ಕೇಂದ್ರದ ಅನುದಾನ ಪೂರ್ತಿಯಾಗಿ ಅಥವಾ ಭಾಗಶಃ ಇರುವ ಯೋಜನೆಗಳಿಗೆ ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ಕೊಳ್ಳುವಾಗ ಮಾತ್ರ ಕೇಂದ್ರದ ಆದೇಶ ಬರುತ್ತದೆ. ಹಣ ಎಲ್ಲಿಂದ ಬರುತ್ತಿದೆ ಎಂಬುದನ್ನು ಟೆಂಡರ್ ದಾಖಲೆಯಲ್ಲಿ ಹುಡುಕಿ. ಅಲ್ಲಿ ಕಾಣದಿದ್ದರೆ ಪ್ರೀ-ಬಿಡ್ ಸಭೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.