ನುಣುಪು ಕಾಗದದ ಮೇಲೆ ಜಲವರ್ಣ: ಹೂಕೋಸಿನ ಕಾಟ

ಮೂರು ವಾರದಿಂದ ಒಂದೇ ದಾಸವಾಳದ ಎಲೆ ಬರೆಯುತ್ತಿದ್ದೇನೆ. ಹನ್ನೊಂದು ಸಲ ಕೆಟ್ಟಿತು. ಹನ್ನೆರಡನೆಯದು ಪರವಾಗಿಲ್ಲ ಅನ್ನಿಸಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬ್ರಷ್ ಹಿಡಿಯುವುದು, ಬಣ್ಣ ಕಲಸುವುದೆಲ್ಲ ನಿಮಗೂ ಗೊತ್ತು, ಬಿಟ್ಟಿದ್ದೇನೆ.

ಕಾಗದ

ರಫ್, ಕೋಲ್ಡ್ ಪ್ರೆಸ್, ಹಾಟ್ ಪ್ರೆಸ್ ಅಂತ ಮೂರು ಬಗೆ. ಹಾಟ್ ಪ್ರೆಸ್ ಅಂದರೆ ಬಿಸಿ ರೋಲರ್‌ಗಳ ನಡುವೆ ಒತ್ತಿದ್ದು, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ. ತರಿ ಇಲ್ಲದ್ದರಿಂದ ಎಲೆಯ ನರವನ್ನು ಎಷ್ಟು ತೆಳ್ಳಗೆ ಎಳೆದರೂ ಗೆರೆ ತುಂಡಾಗುವುದಿಲ್ಲ. ಗಿಡ, ಹೂವು ಬರೆಯುವವರಿಗೆ ಇದು ಇಷ್ಟವಾಗುವುದು ಅದಕ್ಕೇ. ನನ್ನದು 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ), ಪೂರ್ತಿ ಹತ್ತಿಯದು.

ಅಂಚು ಯಾಕೆ ಕಪ್ಪಾಗುತ್ತದೆ?

ಟೇಬಲ್ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದ್ದನ್ನು ನೋಡಿದ್ದೀರಿ ಅಲ್ವಾ? ನಡುವೆ ತಿಳಿ, ಸುತ್ತ ಗಾಢ ಉಂಗುರ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹೋಗುವಾಗ ಕಣಗಳನ್ನೂ ಹೊತ್ತುಕೊಂಡು ಹೋಗುತ್ತದೆ. ಇದನ್ನು 1997ರಲ್ಲಿ ಭೌತವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ನಮ್ಮ ವಾಶ್‌ನಲ್ಲೂ, ಅಂದರೆ ನೀರು ಬೆರೆಸಿ ಕಾಗದದ ಮೇಲೆ ಹರಡುವ ತೆಳು ಬಣ್ಣದಲ್ಲೂ, ನಡೆಯುವುದು ಇದೇ. ತರಿ ಕಾಗದದ ಗುಂಡಿಗಳು ನೀರನ್ನು ಅಲ್ಲಲ್ಲೇ ಹಿಡಿದುಕೊಳ್ಳುತ್ತವೆ, ನುಣುಪಿನ ಮೇಲೆ ಅದು ಸುಮ್ನೆ ಕೆರೆಯ ಹಾಗೆ ನಿಲ್ಲುತ್ತದೆ. ಹಾಗಾಗಿ ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಹೂಕೋಸು (ನಾನು ಸಿಕ್ಕಿಬಿದ್ದ ಜಾಗ)

ಅರ್ಧ ಒಣಗಿದ ವಾಶ್‌ಗೆ ಇನ್ನಷ್ಟು ಹಸಿರು ಸೇರಿಸೋಣ ಅಂತ ಬ್ರಷ್ ತಾಗಿಸಿದೆ. ಎರಡು ನಿಮಿಷ ಬಿಟ್ಟು ನೋಡಿದರೆ ಎಲೆಯ ನಡುವೆ ಹೂಕೋಸು ಅರಳಿತ್ತು! ಹೊಸ ನೀರು ಹಳೆಯ ಬಣ್ಣವನ್ನು ಹೊರಕ್ಕೆ ತಳ್ಳಿ ಅಂಕುಡೊಂಕು ಅಂಚು ಮಾಡಿಬಿಟ್ಟಿತ್ತು.

ಹನ್ನೊಂದು ಸಲವೂ ‘ಕಾಗದ ಒದ್ದೆ ಇದೆಯಾ’ ಅಂತ ಮಾತ್ರ ನೋಡುತ್ತಿದ್ದೆ. ಕೇಳಬೇಕಾದ್ದು ಬೇರೆ: ಕಾಗದ, ಬ್ರಷ್ ಇವೆರಡರಲ್ಲಿ ಯಾವುದು ಜಾಸ್ತಿ ಒದ್ದೆ? ನೀರು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನುಗ್ಗುತ್ತದೆ. ಬ್ರಷ್ ಜಾಸ್ತಿ ಒದ್ದೆಯಾಗಿದ್ದರೆ ಹೂಕೋಸು ಗ್ಯಾರಂಟಿ. ಕಾಗದ ಜಾಸ್ತಿ ಒದ್ದೆಯಾಗಿದ್ದರೆ ಬಣ್ಣ ಮೆತ್ತಗೆ ಹರಡುತ್ತದೆ. ಇಷ್ಟು ತಿಳಿಯಲು ಮೂರು ವಾರ ಬೇಕಾಯಿತು ನೋಡಿ.

ಕಾಗದದ ಹದ ತಿಳಿಯಲು ಕಿಟಕಿಯ ಎದುರು ಕೂತು, ತಲೆಯನ್ನು ಹಲಗೆಯ ಮಟ್ಟಕ್ಕೆ ಬಗ್ಗಿಸಿ ಓರೆಯಾಗಿ ನೋಡಿ. ಕನ್ನಡಿಯ ಹಾಗೆ ಹೊಳೆದರೆ ನೀರು ಮಜ್ಜಿಗೆಯಷ್ಟು ತೆಳುವಾದ ಬಣ್ಣವನ್ನೂ ಬಿಡಬಹುದು. ಹೊಳಪು ಇಳಿದು ರೇಷ್ಮೆಯ ಹಾಗಾದರೆ, ಬ್ರಷ್ಷನ್ನು ಬಟ್ಟೆಗೆ ಒರೆಸಿ ಮೊಸರಿನಷ್ಟು ಗಟ್ಟಿ ಬಣ್ಣ ಮಾತ್ರ. ಪೂರ್ತಿ ಮಂಕಾಗಿ, ಬೆರಳ ಹಿಂಬದಿ ತಾಗಿಸಿದಾಗ ತಣ್ಣಗೆ ಅನ್ನಿಸಿದರೆ ಅದೇ ಮೋಸದ ಹದ. ಒಣಗಿದೆ ಅನ್ನಿಸುತ್ತದೆ, ಒಳಗೆ ಇನ್ನೂ ಹಸಿ. ಆಗ ಕೈಕಟ್ಟಿ ಕೂರಬೇಕು. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ, ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ.

ಹಲಗೆಯ ಒಂದು ಬದಿಗೆ ಪುಸ್ತಕ ಕೊಟ್ಟು ಓರೆ ಮಾಡಿದರೆ ವಾಶ್‌ನ ನೀರು ಕೆಳ ಅಂಚಿಗೆ ಬಂದು ಸೇರುತ್ತದೆ. ಆ ಕೊನೆಯ ಹನಿಯನ್ನು ಹಿಂಡಿದ ಬ್ರಷ್ಷಿನ ತುದಿಯಿಂದ ಹೀರಿ. ಬಿಟ್ಟರೆ ಅದೇ ವಾಪಸ್ ಮೇಲೇರಿ ಹೂಕೋಸಾಗುತ್ತದೆ.

ಎರಡನೇ ಪದರ

ಪೂರ್ತಿ ಒಣಗಿದ ಮೇಲೆ, ಒಂದೇ ಎಳೆತ. ಉಜ್ಜಿದರೆ ಕೆಳಗಿನ ಬಣ್ಣ ಎದ್ದು ಬರುತ್ತದೆ. ಅಲ್ಟ್ರಾಮರೀನ್ ನೀಲಿ ಸುಲಭವಾಗಿ ಏಳುತ್ತದೆ, ಥ್ಯಾಲೋ ನೀಲಿ ಕಾಗದಕ್ಕೆ ಅಂಟಿಕೊಂಡುಬಿಡುತ್ತದೆ. ಬೆಳಕು ಬೇಕಾದ ಜಾಗವನ್ನು ಆಮೇಲೆ ಒರೆಸಿ ತೆಗೆಯುವ ಯೋಚನೆ ಇದ್ದರೆ ಥ್ಯಾಲೋ ಮುಟ್ಟಬೇಡಿ.

ಯೂಪೋ

ಜಲವರ್ಣಕ್ಕೆ ಬಳಸುವ ಇನ್ನೊಂದು ನುಣುಪು ಹಾಳೆ. ಇದು ಕಾಗದವೇ ಅಲ್ಲ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ನೀರು ಕುಡಿಯುವುದೇ ಇಲ್ಲ, ಆವಿಯಾಗಿಯೇ ಒಣಗಬೇಕು. ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಕೂರುವುದಿಲ್ಲ. ಬೇಡವಾದದ್ದನ್ನು ಒದ್ದೆ ಟಿಶ್ಯೂನಿಂದ ಒರೆಸಿದರೆ ಬಹುಮಟ್ಟಿಗೆ ಬಿಳಿಯಾಗುತ್ತದೆ. ಇದು ಅನುಕೂಲ ಅಂತಲೇ ಹಿಗ್ಗಿದ್ದೆ. ಮರುದಿನ ಬೆವರಿದ ಅಂಗೈ ಊರಿದೆ, ಒಣಗಿದ ಚಿತ್ರದ ಅರ್ಧ ಮೋಡ ಕೈಗೆ ಬಂತು. ಉಳಿಸಿಕೊಳ್ಳುವ ಚಿತ್ರವಾದರೆ ಸ್ಪ್ರೇ ವಾರ್ನಿಷ್ ಹೊಡೆಯಬೇಕು, ಅಥವಾ ಗಾಜು ಹಾಕಿಸಬೇಕು. ನನ್ನದನ್ನು ಸೋಪು ಹಾಕಿ ತೊಳೆದು, ಪಾತ್ರೆಗಳ ಪಕ್ಕ ಒಣಗಲು ನಿಲ್ಲಿಸಿದ್ದೇನೆ.